ಗಾಡ್‌ಫಾದರ್ ಸರಣಿಯ ಮಾತು ಮತ್ತು ಅಭಿನಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸರಣಿಯಲ್ಲಿ ಒಟ್ಟು ಎಷ್ಟು ಚಿತ್ರಗಳಿವೆ? ಯಾವ ಕ್ರಮದಲ್ಲಿ ನೋಡಬೇಕು?

ಮೂರು ಚಿತ್ರಗಳಿವೆ. ಮಾರಿಯೊ ಪೂಜೊ ಅವರ 1969ರ ಕಾದಂಬರಿಯನ್ನು ಆಧರಿಸಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ನಿರ್ದೇಶಿಸಿದ ಮೊದಲ ಚಿತ್ರ 1972ರಲ್ಲಿ, ಎರಡನೆಯದು 1974ರಲ್ಲಿ, ಮೂರನೆಯದು ಹದಿನಾರು ವರ್ಷಗಳ ಬಿಡುವಿನ ನಂತರ 1990ರಲ್ಲಿ ತೆರೆಕಂಡವು. ಬಿಡುಗಡೆಯಾದ ಕ್ರಮದಲ್ಲಿಯೇ ನೋಡಬೇಕು. ನ್ಯೂಯಾರ್ಕಿನ ಮಾಫಿಯಾ ಕುಟುಂಬವೊಂದರ ಯಜಮಾನ, ಅಂದರೆ ಡಾನ್, ವಿಟೊ ಕಾರ್ಲಿಯೋನೆ ಮತ್ತು ಅವನ ಮಗ ಮೈಕಲ್ ಕಥೆಯ ಕೇಂದ್ರ. ಎರಡನೆಯ ಚಿತ್ರದಲ್ಲಿ ತಂದೆಯ ಯೌವನವನ್ನೂ ಮಗನ ಪತನವನ್ನೂ ಒಂದರ ಪಕ್ಕ ಒಂದನ್ನಿಟ್ಟು ಹೆಣೆಯಲಾಗಿದೆ. ಅದನ್ನು ಬಿಡಿಸಿ ಕಾಲಾನುಕ್ರಮದಲ್ಲಿ ಜೋಡಿಸಿದ ದೂರದರ್ಶನ ಆವೃತ್ತಿಯೂ ಬಂದಿತ್ತು. ಅದರಲ್ಲಿ ಕಥೆ ಸುಲಭವಾಗಿ ಅರ್ಥವಾಗುತ್ತದೆ, ಆದರೆ ಚಿತ್ರದ ಜೀವ ಹೋಗುತ್ತದೆ. ಇನ್ನೂ ನೋಡದವರಿಗೆ ಒಂದು ಸೂಚನೆ: ಮುಂದಿನ ಉತ್ತರಗಳಲ್ಲಿ ಯಾರು ಸಾಯುತ್ತಾರೆ, ಯಾರು ಕೊಲ್ಲುತ್ತಾರೆ ಎಂಬುದನ್ನು ಮುಚ್ಚಿಟ್ಟಿಲ್ಲ.

"ಅವನು ಬೇಡ ಎನ್ನಲಾಗದಂಥ ಪ್ರಸ್ತಾಪ" ಎಂಬ ಮಾತನ್ನು ಮೊದಲು ಹೇಳುವವನು ವಿಟೊ ಕಾರ್ಲಿಯೋನೆಯೇ?

ಅಲ್ಲ, ಮಗ ಮೈಕಲ್. ಬಹುಪಾಲು ಪ್ರೇಕ್ಷಕರು ಇದನ್ನು ಮರೆತಿರುತ್ತಾರೆ. ತಂಗಿಯ ಮದುವೆಯ ಗದ್ದಲದ ನಡುವೆ ಸೇನೆಯ ಸಮವಸ್ತ್ರದಲ್ಲಿ ಕುಳಿತ ಮೈಕಲ್, ತನ್ನ ಗೆಳತಿ ಕೇಗೆ ಗಾಯಕ ಜಾನಿ ಫಾಂಟೇನ್‌ನ ಹಳೆಯ ಒಪ್ಪಂದವೊಂದರ ಕಥೆಯನ್ನು ಹೇಳುತ್ತಾನೆ. ವಾದ್ಯವೃಂದದ ಯಜಮಾನ ಜಾನಿಯನ್ನು ಬಿಡುಗಡೆ ಮಾಡಲು ಒಪ್ಪದಿದ್ದಾಗ ತನ್ನ ತಂದೆ ಅವನ ಮುಂದೆ ಬೇಡ ಎನ್ನಲಾಗದಂಥ ಪ್ರಸ್ತಾಪವನ್ನಿಟ್ಟರು ಎನ್ನುತ್ತಾನೆ. ಕೇ ಮುಗ್ಧವಾಗಿ "ಏನದು?" ಎಂದು ಕೇಳಿದಾಗ, ಲೂಕಾ ಬ್ರಾಸಿ ಅವನ ತಲೆಗೆ ಪಿಸ್ತೂಲು ಹಿಡಿದನೆಂದೂ, ಕಾಗದದ ಮೇಲೆ ಅವನ ಸಹಿ ಬೀಳಬೇಕು ಇಲ್ಲವೇ ಮಿದುಳು ಬೀಳಬೇಕು ಎಂದು ತಂದೆ ತಿಳಿಸಿದರೆಂದೂ ವಿವರಿಸಿ, ಅದು ತನ್ನ ಮನೆಯವರ ರೀತಿ, ತನ್ನದಲ್ಲ ಎಂದು ಸೇರಿಸುತ್ತಾನೆ.

ಸ್ವಲ್ಪ ಹೊತ್ತಿನ ನಂತರ ಅದೇ ಮಾತು ಕತ್ತಲ ಕೋಣೆಯಲ್ಲಿ ತಂದೆಯ ಬಾಯಿಂದ ಬರುತ್ತದೆ. ವಿಟೊ ಪಾತ್ರದ ಮಾರ್ಲನ್ ಬ್ರಾಂಡೊ ಅದನ್ನು ಒತ್ತಿ ಹೇಳುವುದಿಲ್ಲ, ಅಳುತ್ತಿರುವ ಮಗುವನ್ನು ಸಮಾಧಾನ ಮಾಡುವ ಧಾಟಿಯಲ್ಲಿ ಗೊಣಗಿ ಬಿಡುತ್ತಾರೆ. ಪ್ರಸ್ತಾಪ ಎಂದರೆ ಏನೆಂದು ನಮಗೆ ಆಗಲೇ ಗೊತ್ತಿರುವುದರಿಂದ ಒತ್ತಿ ಹೇಳುವ ಅಗತ್ಯವೂ ಇಲ್ಲ. ಎರಡನೆಯ ಚಿತ್ರದಲ್ಲಿ ಯುವಕ ವಿಟೊ ಇದೇ ಮಾತನ್ನು ತನ್ನ ಇಬ್ಬರು ಗೆಳೆಯರಿಗೆ ಹೇಳುತ್ತಾನೆ. ಅಮೆರಿಕನ್ ಫಿಲ್ಮ್ ಇನ್ಸ್‌ಟಿಟ್ಯೂಟ್ 2005ರಲ್ಲಿ ಪ್ರಕಟಿಸಿದ ನೂರು ಚಲನಚಿತ್ರ ಸಂಭಾಷಣೆಗಳ ಪಟ್ಟಿಯಲ್ಲಿ ಈ ಸಾಲಿಗೆ ಎರಡನೆಯ ಸ್ಥಾನ ಸಿಕ್ಕಿತು. ಪಟ್ಟಿಯಲ್ಲಿ ಕೀರ್ತಿ ಪಡೆದದ್ದು ತಂದೆ. ಆದರೆ ಆ ಸಾಲಿಗೆ ಬೆದರಿಕೆಯ ಅರ್ಥವನ್ನು ತುಂಬಿಕೊಟ್ಟವನು, ತನಗೂ ಅದಕ್ಕೂ ಸಂಬಂಧವಿಲ್ಲ ಎಂದ ಮಗ.

ಕನ್ನಡಕ್ಕೆ ತರುವಾಗ "ತಿರಸ್ಕರಿಸಲಾಗದ ಕೊಡುಗೆ" ಎಂದು ಬರೆದವರನ್ನು ನೋಡಿದ್ದೇನೆ. ಅದು ಯುಗಾದಿ ರಿಯಾಯಿತಿ ಮಾರಾಟದ ಜಾಹೀರಾತಿನಂತೆ ಕೇಳಿಸುತ್ತದೆ.

"ಪಿಸ್ತೂಲು ಅಲ್ಲೇ ಬಿಡು, ಕನೋಲಿ ತಗೋ" ಎಂಬ ಸಾಲು ಚಿತ್ರಕಥೆಯಲ್ಲಿ ಇರಲಿಲ್ಲವೇ?

ಮೊದಲರ್ಧ ಇತ್ತು, ಎರಡನೆಯ ಅರ್ಧ ಇರಲಿಲ್ಲ. ವಿಟೊನ ಹಳೆಯ ಬಂಟ ಕ್ಲೆಮೆಂಜಾನ ಪಾತ್ರ ವಹಿಸಿದ ರಿಚರ್ಡ್ ಕ್ಯಾಸ್ಟೆಲಾನೊ ಅದನ್ನು ಸ್ವತಃ ಸೇರಿಸಿದರು. ಕನೋಲಿ ಎಂಬುದು ಕರಿದ ಹಿಟ್ಟಿನ ಕೊಳವೆಯಲ್ಲಿ ಸಿಹಿ ಗಿಣ್ಣನ್ನು ತುಂಬಿದ ಸಿಸಿಲಿಯ ತಿನಿಸು, ನಮ್ಮ ಬೇಕರಿಗಳ ಕ್ರೀಮ್ ಬನ್ನಿಗೂ ಕ್ರೀಮ್ ರೋಲಿಗೂ ದೂರದ ನೆಂಟ ಎನ್ನಬಹುದು. ಆ ದಿನ ಬೆಳಿಗ್ಗೆ ಕ್ಲೆಮೆಂಜಾ ಮನೆಯಿಂದ ಹೊರಡುವಾಗ ಹೆಂಡತಿ ಅದನ್ನು ತರಲು ಮರೆಯಬೇಡಿ ಎಂದು ಕೂಗಿ ಹೇಳಿರುತ್ತಾಳೆ. ಮುಂದೆ ನಗರದ ಹೊರಗೆ, ಜೊಂಡು ಬೆಳೆದ ಬಯಲಿನ ಪಕ್ಕದಲ್ಲಿ, ಮೂತ್ರ ವಿಸರ್ಜನೆಯ ನೆಪದಿಂದ ಕಾರು ನಿಲ್ಲಿಸಿ ಆತ ಇಳಿಯುತ್ತಾನೆ. ಬೆನ್ನ ಹಿಂದೆ ಗುಂಡಿನ ಸದ್ದು ಕೇಳುತ್ತದೆ, ದ್ರೋಹಿ ಪಾಲಿಯ ತಲೆ ಸ್ಟಿಯರಿಂಗಿನ ಮೇಲೆ ಒರಗುತ್ತದೆ, ದೂರದಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ ಚಿಕ್ಕದಾಗಿ ಕಾಣುತ್ತದೆ. ಕ್ಲೆಮೆಂಜಾ ಪ್ಯಾಂಟಿನ ಗುಂಡಿ ಹಾಕಿಕೊಂಡು ಬಂದು ಈ ಮಾತನ್ನು ಹೇಳುತ್ತಾನೆ. ಕೊಲೆ ಮತ್ತು ಮನೆಯ ಸಾಮಾನಿನ ಚೀಟಿ ಎರಡೂ ಅವನಿಗೆ ಒಂದೇ ದಿನದ ಕೆಲಸಗಳು.

ಮೂರನೆಯ ಚಿತ್ರದಲ್ಲಿ ಮೈಕಲ್‌ನ ತಂಗಿ ಕಾನಿ ವೃದ್ಧ ಡಾನ್ ಆಲ್ಟೊಬೆಲ್ಲೊನನ್ನು ಕೊಲ್ಲುವುದು ವಿಷ ಬೆರೆಸಿದ ಕನೋಲಿಯಿಂದಲೇ. ಆತ ಒಂದೊಂದು ತುತ್ತು ತಿನ್ನುವುದನ್ನೂ ಅವಳು ದುರ್ಬೀನಿನಲ್ಲಿ ನೋಡುತ್ತಾ ಕುಳಿತಿರುತ್ತಾಳೆ.

"ಇದು ವೈಯಕ್ತಿಕವಲ್ಲ, ಬರಿಯ ವ್ಯವಹಾರ" ಎಂಬುದು ಸರಣಿಯ ತತ್ತ್ವವೇ?

ಹಾಗೆಂದು ಉದ್ಯಮಿಗಳ ಭಾಷಣಗಳಲ್ಲಿ ಕೇಳುತ್ತೇವೆ, ಆದರೆ ಚಿತ್ರ ಅದನ್ನು ನಂಬುವುದಿಲ್ಲ. ಮೈಕಲ್ ಈ ಮಾತನ್ನು ಅಣ್ಣ ಸಾನಿಗೆ ಹೇಳುವಾಗ ಅವನ ದವಡೆ ಪೊಲೀಸ್ ಕ್ಯಾಪ್ಟನ್ ಹೊಡೆದ ಏಟಿಗೆ ಊದಿಕೊಂಡಿರುತ್ತದೆ. ತಂದೆಯನ್ನು ಕೊಲ್ಲಿಸಲು ಹೊರಟವನನ್ನೂ ತನಗೆ ಹೊಡೆದವನನ್ನೂ ತಾನೇ ಕೊಲ್ಲುತ್ತೇನೆ ಎಂದು ಆತ ಹೇಳುತ್ತಿದ್ದಾನೆ. ಇದಕ್ಕಿಂತ ವೈಯಕ್ತಿಕವಾದದ್ದು ಏನಿದೆ? ಪೂಜೊ ಅವರ ಕಾದಂಬರಿಯಲ್ಲಿ ಮೈಕಲ್ ಎಲ್ಲ ವ್ಯವಹಾರವೂ ವೈಯಕ್ತಿಕವೇ ಎಂದು ನೇರವಾಗಿ ಒಪ್ಪಿಕೊಳ್ಳುತ್ತಾನೆ. ಚಿತ್ರದಲ್ಲಿ ಆ ಒಪ್ಪಿಗೆ ಇಲ್ಲ, ಊದಿದ ದವಡೆ ಇದೆ.

ಇದೇ ಮಾತು ಕೊನೆಯ ಭಾಗದಲ್ಲಿ ವಿಟೊನ ಮತ್ತೊಬ್ಬ ಹಳೆಯ ಬಂಟ ಟೆಸ್ಸಿಯೊನ ಬಾಯಿಗೆ ಬರುತ್ತದೆ. ದ್ರೋಹ ಬಯಲಾಗಿ, ಸುತ್ತುವರಿದ ಜನರ ನಡುವೆ ನಿಂತ ಆತ, ಇದು ವ್ಯವಹಾರವಷ್ಟೇ ಆಗಿತ್ತು, ನನಗೆ ಅವನ ಮೇಲೆ ಯಾವಾಗಲೂ ಪ್ರೀತಿಯಿತ್ತು ಎಂದು ಮೈಕಲ್‌ಗೆ ತಿಳಿಸುವಂತೆ ವಕೀಲ ಟಾಮ್ ಹೇಗನ್‌ಗೆ ಹೇಳುತ್ತಾನೆ. ಹಳೆಯ ಸ್ನೇಹಕ್ಕಾಗಿಯಾದರೂ ಬಿಡಿಸಲಾಗದೇ ಎಂದು ಕೇಳಿದಾಗ ಟಾಮ್ ಆಗುವುದಿಲ್ಲ ಎನ್ನುತ್ತಾನೆ. ಏಬ್ ವಿಗೋಡಾ ಅವರ ಉದ್ದನೆಯ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಕಾಣುವುದು ನಾಚಿಕೆ. ಇಡೀ ಸರಣಿಯಲ್ಲಿ ಅತಿ ಕಡಿಮೆ ಮಾತಿನಿಂದ ಅತಿ ಹೆಚ್ಚು ಕೆಲಸ ಮಾಡಿದ ದೃಶ್ಯ ಇದೇ ಎಂಬುದು ನನ್ನ ಅಭಿಪ್ರಾಯ.

"ಮಿತ್ರರನ್ನು ಹತ್ತಿರ ಇಟ್ಟುಕೋ, ಶತ್ರುಗಳನ್ನು ಇನ್ನೂ ಹತ್ತಿರ" ಎಂಬುದು ಚಾಣಕ್ಯನ ನೀತಿಯೇ?

ಚಾಣಕ್ಯನದೂ ಅಲ್ಲ, ಚೀನಾದ ಸುನ್ ತ್ಸು ಬರೆದದ್ದೂ ಅಲ್ಲ. ಎರಡನೆಯ ಚಿತ್ರದಲ್ಲಿ ಮೈಕಲ್ ತನ್ನ ಹಳೆಯ ಮನೆಯ ಕೋಣೆಯಲ್ಲಿ ನಿಂತು, ಇದನ್ನು ತಂದೆ ತನಗೆ ಇಲ್ಲಿಯೇ ಕಲಿಸಿದರು ಎಂದು ಕುಟುಂಬದ ಹಳೆಯ ಬಂಟ ಫ್ರಾಂಕ್ ಪೆಂಟಾಂಜೆಲಿಗೆ ಹೇಳುತ್ತಾನೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಚಿತ್ರಗಳಲ್ಲಿ ಇದರ ಕೆಳಗೆ ಬ್ರಾಂಡೊ ಅವರ ಮುಖ ಇರುತ್ತದೆ, ಅದೂ ತಪ್ಪು. ಬ್ರಾಂಡೊ ಈ ಸಾಲನ್ನು ಎಲ್ಲಿಯೂ ಹೇಳಿಲ್ಲ.

ಬ್ರಾಂಡೊ ಅವರ ಗೊಣಗುವ ಧ್ವನಿ ನಿಜವಾಗಿಯೂ ದೊಡ್ಡ ಅಭಿನಯವೇ?

ಹೌದು, ಆದರೆ ಅದರ ಶ್ರೇಯಸ್ಸು ಧ್ವನಿಯೊಂದಕ್ಕೇ ಸೇರುವುದಿಲ್ಲ. ಪರೀಕ್ಷಾ ಚಿತ್ರೀಕರಣದಲ್ಲಿ ಅವರು ಕೆನ್ನೆಯೊಳಗೆ ಹತ್ತಿ ತುಂಬಿಕೊಂಡಿದ್ದರು, ಚಿತ್ರದಲ್ಲಿ ಅದಕ್ಕಾಗಿಯೇ ಮಾಡಿಸಿದ ದಂತಪಟ್ಟಿಯನ್ನು ಧರಿಸಿದರು. ಆಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಸಂಭಾಷಣೆಯನ್ನು ಬಾಯಿಪಾಠ ಮಾಡದೆ, ಅಲ್ಲಲ್ಲಿ ಅಂಟಿಸಿದ ಚೀಟಿಗಳನ್ನು ನೋಡಿ ಹೇಳುತ್ತಿದ್ದರು. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ಬೆಳಕನ್ನು ಮೇಲಿನಿಂದ ಬೀಳಿಸಿದ್ದರಿಂದ ಅವರ ಕಣ್ಣುಗಳು ಎಷ್ಟೋ ಕಡೆ ನೆರಳಿನಲ್ಲಿ ಮುಳುಗಿವೆ. ಮೊದಲ ದೃಶ್ಯದ ಬೆಕ್ಕು ಸ್ಟುಡಿಯೊದಲ್ಲಿ ಅಲೆಯುತ್ತಿದ್ದ ಬೆಕ್ಕು. ತೊಡೆಯ ಮೇಲೆ ಕುಳಿತು ಅದು ಗುರುಗುಟ್ಟಿದ ಸದ್ದು ಮಾತನ್ನೂ ಮುಚ್ಚುವಷ್ಟು ಜೋರಾಗಿತ್ತು.

ಒಮ್ಮೆ ಧ್ವನಿಯನ್ನು ಪೂರ್ತಿ ತಗ್ಗಿಸಿ ಆ ಮೊದಲ ದೃಶ್ಯವನ್ನು ನೋಡಿ. ಬೊನಾಸೆರಾ ತನ್ನ ಮಗಳಿಗಾದ ಅನ್ಯಾಯವನ್ನು ಹೇಳಿಕೊಂಡು ಗಂಟಲು ಕಟ್ಟಿದಾಗ, ಚೌಕಟ್ಟಿನ ಅಂಚಿನಲ್ಲಿ ಒಂದು ಕೈ ಮೇಲೇಳುತ್ತದೆ, ಎರಡು ಬೆರಳು ಅಲುಗುತ್ತವೆ, ಯಾರೋ ಲೋಟ ತಂದುಕೊಡುತ್ತಾರೆ. ಮುಖ ತೋರಿಸುವ ಮೊದಲೇ ಯಜಮಾನ ಯಾರೆಂದು ತಿಳಿದುಬಿಡುತ್ತದೆ. ಈ ಪಾತ್ರಕ್ಕೆ ದೊರೆತ ಆಸ್ಕರ್ ಅನ್ನು, ಮೂಲನಿವಾಸಿ ಅಮೆರಿಕನ್ನರನ್ನು ಹಾಲಿವುಡ್ ನಡೆಸಿಕೊಂಡ ರೀತಿಯನ್ನು ಪ್ರತಿಭಟಿಸಿ ಅವರು ನಿರಾಕರಿಸಿದರು.

ಲೂಕಾ ಬ್ರಾಸಿ ಮದುವೆಯ ದಿನ ತಡವರಿಸುವುದು ಅಭಿನಯವೇ, ಭಯವೇ?

ಭಯ. ಲೆನಿ ಮೊಂಟಾನಾ ಕುಸ್ತಿಪಟುವಾಗಿದ್ದವರು. ಬ್ರಾಂಡೊ ಎದುರಿಗೆ ಕುಳಿತಾಗ ಅವರಿಗೆ ಸಾಲುಗಳು ಸರಿಯಾಗಿ ಹೊರಡಲಿಲ್ಲ. ಬೇರೆ ನಿರ್ದೇಶಕರಾಗಿದ್ದರೆ ಆ ಭಾಗವನ್ನು ಕತ್ತರಿಸುತ್ತಿದ್ದರು, ಇಲ್ಲವೇ ನಟನನ್ನೇ ಬದಲಾಯಿಸುತ್ತಿದ್ದರು. ಕೊಪೊಲಾ ಅದಕ್ಕೆ ಮುಂಚೆ ಇನ್ನೊಂದು ಚಿಕ್ಕ ದೃಶ್ಯವನ್ನು ಸೇರಿಸಿದರು. ತೋಟದಲ್ಲಿ ಒಂಟಿಯಾಗಿ ಕುಳಿತ ಬೃಹತ್ ದೇಹದ ಮನುಷ್ಯ, ಪರೀಕ್ಷೆಗೆ ಹೋಗುವ ಹುಡುಗನಂತೆ, ಡಾನ್‌ಗೆ ಹೇಳಬೇಕಾದ ಶುಭಾಶಯವನ್ನು ಬಾಯಲ್ಲೇ ಉರು ಹೊಡೆಯುತ್ತಿರುತ್ತಾನೆ. ನಟನ ಹೆದರಿಕೆ ಅಲ್ಲಿಂದ ಪಾತ್ರದ ಹೆದರಿಕೆಯಾಯಿತು. ಎಲ್ಲರೂ ಹೆದರುವ ಕೊಲೆಗಾರನೇ ಡಾನ್ ಮುಂದೆ ಹೀಗೆ ತಡವರಿಸಿದರೆ ಡಾನ್ ಎಂಥವನಿರಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಈ ಸರಣಿಯಲ್ಲಿ ಅಭಿನಯ ಎಲ್ಲಿ ನಿಂತಿತು, ಎಲ್ಲಿ ಬಿತ್ತು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವ ದೃಶ್ಯ ಇದು. ಕೊಪೊಲಾ ಅವರ ತಂಡದಲ್ಲಿ ಅನನುಭವಿಗಳಿಗೆ ಕೊರತೆ ಇರಲಿಲ್ಲ. ಅವರ ಕೊರತೆಗೆ ದೃಶ್ಯದೊಳಗೆ ಜಾಗ ಮಾಡಿಕೊಟ್ಟಲ್ಲಿ ಅದು ಗುಣವಾಯಿತು, ಜಾಗ ಸಿಗದಲ್ಲಿ ಕೊರತೆಯಾಗಿಯೇ ಕಂಡಿತು.

ಹಾಗಾದರೆ ಮೊದಲ ಚಿತ್ರದಲ್ಲಿ ದುರ್ಬಲ ಅಭಿನಯವೇ ಇಲ್ಲವೇ?

ಇದೆ. ಜಾನಿ ಫಾಂಟೇನ್ ಆಗಿ ಗಾಯಕ ಆಲ್ ಮಾರ್ಟಿನೊ ಹಾಡುವಾಗ ನಿರಾಳವಾಗಿದ್ದಾರೆ, ಅಳುವಾಗ ಪೇಚಾಡುತ್ತಾರೆ. ಕಾನಿಯ ಗಂಡ ಕಾರ್ಲೊ ಪಾತ್ರದ ಜಾನಿ ರೂಸೊ ಅವರಿಗೂ ಚಿತ್ರದ ಅನುಭವ ಇರಲಿಲ್ಲ, ಅದು ಕಾಣುತ್ತದೆ. ಬೀದಿಯಲ್ಲಿ ಸಾನಿ ಅವನನ್ನು ಚಚ್ಚುವ ದೃಶ್ಯದಲ್ಲಿ ಒಂದು ಏಟು ಗಾಳಿಯಲ್ಲೇ ಹೋಗಿರುವುದು ಬರಿಗಣ್ಣಿಗೇ ಗೊತ್ತಾಗುತ್ತದೆ, ಸದ್ದು ಮಾತ್ರ ಸರಿಯಾಗಿ ಬಿದ್ದಿದೆ. ಐವತ್ತು ವರ್ಷಗಳಿಂದ ಜನ ಅದನ್ನು ನೋಡಿ ನಗುತ್ತಿದ್ದಾರೆ, ಚಿತ್ರಕ್ಕೆ ಏನೂ ಆಗಿಲ್ಲ.

ಆಲ್ ಪಚೀನೊ ಅವರನ್ನು ನಿಜವಾಗಿಯೂ ಚಿತ್ರದಿಂದ ತೆಗೆಯಲು ಹೊರಟಿದ್ದರೇ?

ಹೌದು. ಪ್ಯಾರಾಮೌಂಟ್ ಸಂಸ್ಥೆಗೆ ಅವರು ಆರಂಭದಿಂದಲೂ ಇಷ್ಟವಿರಲಿಲ್ಲ. ಮೊದಲ ದಿನಗಳ ಚಿತ್ರೀಕರಣ ನೋಡಿದವರಿಗೆ ಅವರು ಏನೂ ಮಾಡುತ್ತಿಲ್ಲ ಎನ್ನಿಸಿತು. ಮೈಕಲ್ ಆ ಹಂತದಲ್ಲಿ ಏನೂ ಮಾಡದವನೇ ಆಗಿರಬೇಕು ಎಂಬುದು ಇಡೀ ಚಿತ್ರವನ್ನು ನೋಡಿದ ನಮಗೆ ಗೊತ್ತು, ತುಣುಕುಗಳನ್ನಷ್ಟೇ ನೋಡುತ್ತಿದ್ದ ಅವರಿಗೆ ಗೊತ್ತಾಗುವಂತಿರಲಿಲ್ಲ. ಅವರನ್ನು ಉಳಿಸಿದ್ದು ಹೋಟೆಲಿನಲ್ಲಿ ನಡೆಯುವ ಜೋಡಿ ಕೊಲೆಯ ದೃಶ್ಯ.

ಆ ದೃಶ್ಯದಲ್ಲಿ ನೆನಪಿಟ್ಟುಕೊಳ್ಳುವಂಥ ಸಾಲು ಒಂದೂ ಇಲ್ಲ ಎಂಬುದನ್ನು ಗಮನಿಸಬೇಕು. ತಂದೆಯನ್ನು ಕೊಲ್ಲಿಸಲು ಹೊರಟಿದ್ದ ಸೊಲೊಝೊ ಇಟಾಲಿಯನ್‌ನಲ್ಲಿ ಮಾತನಾಡುತ್ತಾನೆ, ಅದಕ್ಕೆ ಅಡಿಬರಹವನ್ನೇ ಕೊಟ್ಟಿಲ್ಲ. ಶೌಚಾಲಯದ ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟ ಪಿಸ್ತೂಲನ್ನು ತೆಗೆದುಕೊಂಡು ಬಂದವನು ತಕ್ಷಣ ಗುಂಡು ಹಾರಿಸಬೇಕು ಎಂಬುದು ಕ್ಲೆಮೆಂಜಾ ಹೇಳಿಕೊಟ್ಟ ಪಾಠ, ಆದರೆ ಮೈಕಲ್ ಬಂದು ಕುಳಿತುಬಿಡುತ್ತಾನೆ. ಎದುರಿನವನ ಮಾತು ಮುಂದುವರಿಯುತ್ತದೆ, ಕ್ಯಾಮೆರಾ ಮೈಕಲ್‌ನ ಮುಖದ ಮೇಲೆ ನಿಲ್ಲುತ್ತದೆ. ಕಣ್ಣುಗುಡ್ಡೆಗಳು ಎಡಕ್ಕೂ ಬಲಕ್ಕೂ ಸರಿಯುತ್ತವೆ, ಎಲ್ಲಿಂದಲೋ ರೈಲಿನ ಕರ್ಕಶ ಸದ್ದು ಏರುತ್ತಾ ಬಂದು ಮಾತನ್ನು ನುಂಗಿಹಾಕುತ್ತದೆ. ಆ ರೈಲು ಓಡುತ್ತಿರುವುದು ಅವನ ತಲೆಯೊಳಗೆ. ಗುಂಡು ಹಾರಿಸಿದ ಮೇಲೆ ಕೈಯಿಂದ ಪಿಸ್ತೂಲನ್ನು ಜಾರಿಸಬೇಕು ಎಂಬ ಪಾಠವೂ ಅವನಿಗೆ ಹೊರಬಾಗಿಲ ಹತ್ತಿರ ಬಂದಾಗಲೇ ನೆನಪಾಗುತ್ತದೆ.

ಕೇ ಪಾತ್ರದಲ್ಲಿ ಡಯಾನ್ ಕೀಟನ್ ಏಕೆ ಮಂಕಾಗಿ ಕಾಣುತ್ತಾರೆ?

ದೋಷ ಅವರದಲ್ಲ, ಪಾತ್ರಕ್ಕೆ ಬರೆದುಕೊಟ್ಟ ಮಾತಿನದು. ಮೊದಲ ಚಿತ್ರದಲ್ಲಿ ಕೇಗೆ ಪ್ರಶ್ನೆ ಕೇಳುವ ಕೆಲಸ ಮಾತ್ರ ಇದೆ. ಕೊನೆಯಲ್ಲಿ ಮೈಕಲ್ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಿದ ನಂತರ, ಬಾಗಿಲು ಮುಚ್ಚಿಕೊಳ್ಳುವಾಗ ಅವರ ಮುಖದಲ್ಲಿ ಕಾಣುವ ಅರಿವು ಸಾಕಷ್ಟು ಮಾತಾಡುತ್ತದೆ. ಎರಡನೆಯ ಚಿತ್ರದಲ್ಲಿ, ಮಗುವನ್ನು ಕಳೆದುಕೊಂಡದ್ದು ತಾನಾಗಿ ಆದ ಗರ್ಭಪಾತದಿಂದಲ್ಲ, ತಾನೇ ತೆಗೆಸಿಹಾಕಿದೆ ಎಂದು ಗಂಡನ ಮುಖಕ್ಕೆ ಹೇಳುವ ದೃಶ್ಯ ಬಂದಾಗ ಅವರಿಗೆ ಮೊದಲ ಬಾರಿಗೆ ಹಿಡಿದುಕೊಳ್ಳಲು ಏನೋ ಸಿಗುತ್ತದೆ, ಅವರು ಬಿಡುವುದಿಲ್ಲ.

ಜಾನ್ ಕಜಾಲ್ ಬಗ್ಗೆ ಎಲ್ಲರೂ ಇಷ್ಟು ಏಕೆ ಹೇಳುತ್ತಾರೆ?

ಮೈಕಲ್‌ನ ಅಣ್ಣ ಫ್ರೆಡೊ ಪಾತ್ರ ವಹಿಸಿದ ಅವರು ನಟಿಸಿದ್ದು ಐದೇ ಪೂರ್ಣ ಪ್ರಮಾಣದ ಚಿತ್ರಗಳಲ್ಲಿ. ಐದೂ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡವು. 1978ರಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಸ್ವತಃ ಅವರಿಗೆ ಒಮ್ಮೆಯೂ ನಾಮನಿರ್ದೇಶನ ಸಿಗಲಿಲ್ಲ. ಎರಡನೆಯ ಗಾಡ್‌ಫಾದರ್‌ನಿಂದ ಪೋಷಕ ನಟರ ವಿಭಾಗಕ್ಕೆ ಡಿ ನಿರೋ, ಲೀ ಸ್ಟ್ರಾಸ್‌ಬರ್ಗ್, ಮೈಕಲ್ ಗಾಜೊ ಎಂಬ ಮೂವರು ಆಯ್ಕೆಯಾದರೂ ಫ್ರೆಡೊ ಹೊರಗೇ ಉಳಿದ. ಪಾತ್ರಕ್ಕೂ ಹೀಗೆಯೇ ಆಗಿತ್ತಲ್ಲ ಎಂದು ನಕ್ಕು ಸುಮ್ಮನಾಗಬೇಕು.

"ಅದು ನೀನೇ ಎಂದು ನನಗೆ ಗೊತ್ತು, ನನ್ನ ಹೃದಯ ಒಡೆದೆ" ಎಂಬ ಸಾಲು ಮೈಕಲ್‌ನದು. ಹವಾನಾದಲ್ಲಿ, ಕ್ರಾಂತಿಕಾರಿಗಳು ನಗರಕ್ಕೆ ಬರುತ್ತಿರುವ ಹೊಸ ವರ್ಷದ ರಾತ್ರಿ, ಅಣ್ಣನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಮುತ್ತಿಟ್ಟು ಆತ ಹೇಳುತ್ತಾನೆ. ಎಲ್ಲರೂ ಆ ಮುತ್ತನ್ನು ನೆನೆಯುತ್ತಾರೆ. ಆದರೆ ನೋಡಬೇಕಾದದ್ದು ಅದರ ನಂತರ ಹಿಂದಕ್ಕೆ ಸರಿಯುವ ಫ್ರೆಡೊನ ಮುಖ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ತಾಹೊ ಸರೋವರದ ದಂಡೆಯ ಮನೆಯ ದೃಶ್ಯವಿದೆ. ಕಿಟಕಿಯ ಆಚೆ ಹಿಮ. ಫ್ರೆಡೊ ಒರಗು ಕುರ್ಚಿಯೊಂದರಲ್ಲಿ ಬಹುತೇಕ ಮಲಗಿದಂತಿದ್ದಾನೆ. ತಾನು ದಡ್ಡನಲ್ಲ, ಜನ ಹೇಳುವಂತಲ್ಲ, ತನಗೂ ಗೌರವ ಬೇಕು ಎಂದು ಕೂಗುವಾಗ ಆತ ಮೇಲೇಳಲು ನೋಡುತ್ತಾನೆ. ಕುರ್ಚಿ ಬಿಡುವುದಿಲ್ಲ. ತೋಳು ಬೀಸುತ್ತಾನೆ, ಅರ್ಧ ಎದ್ದ ದೇಹ ಮತ್ತೆ ಹಿಂದಕ್ಕೆ ಬೀಳುತ್ತದೆ. ಎದ್ದು ನಿಂತು ಗರ್ಜಿಸಿದ್ದರೆ ಅದು ಭಾಷಣವಾಗುತ್ತಿತ್ತು. ಮಲಗಿದಲ್ಲೇ ಒದ್ದಾಡಿದ್ದರಿಂದ, ತಮ್ಮನ ನೆರಳಿನಲ್ಲಿ ಕಳೆದ ಒಂದು ಆಯುಷ್ಯವೇ ಕಾಣಿಸಿತು. ಚಿತ್ರದ ಕೊನೆಯಲ್ಲಿ 1941ರ ಒಂದು ಸಂಜೆಗೆ ಹಿಂತಿರುಗಿದಾಗ, ಸೇನೆಗೆ ಸೇರಿದೆ ಎಂದ ಮೈಕಲ್‌ನ ಮೇಲೆ ಉಳಿದವರು ಸಿಟ್ಟಾದರೆ, ಎದ್ದು ಬಂದು ಕೈ ಕುಲುಕುವವನು ಫ್ರೆಡೊ ಒಬ್ಬನೇ. ಬ್ರಾಂಡೊ ಆ ದಿನ ಚಿತ್ರೀಕರಣಕ್ಕೆ ಬರಲಿಲ್ಲ. ತಂದೆ ಬಂದರೆಂಬುದನ್ನು ಪಕ್ಕದ ಕೋಣೆಯ ಸದ್ದಿನಿಂದಲೇ ತಿಳಿಸಲಾಗಿದೆ. ಬಂದಿದ್ದರೆ ದೃಶ್ಯ ಕೆಡುತ್ತಿತ್ತೋ ಏನೋ.

ಡಿ ನಿರೋ ಬ್ರಾಂಡೊ ಅವರನ್ನು ಅನುಕರಿಸಿದರೇ?

ಎರಡನೆಯ ಚಿತ್ರದಲ್ಲಿ ಯುವಕ ವಿಟೊ ಆದ ಡಿ ನಿರೋ ಅನುಕರಿಸಲಿಲ್ಲ, ಬ್ರಾಂಡೊ ಅವರ ವಿಟೊ ಮುಂದೆ ಹೇಗಾದನೋ ಅದರ ಬೀಜಗಳನ್ನು ಇಟ್ಟರು. ಅವರ ಮಾತು ಬಹುತೇಕ ಸಿಸಿಲಿಯನ್‌ನಲ್ಲಿದೆ, ಅದೂ ಕಡಿಮೆ. ಆ ಕಡಿಮೆ ಮಾತಿಗೇ ಆಸ್ಕರ್ ಬಂದಿತು. ಒಂದೇ ಪಾತ್ರಕ್ಕಾಗಿ ಇಬ್ಬರು ನಟರು ಆಸ್ಕರ್ ಪಡೆದದ್ದು ಅದೇ ಮೊದಲು.

ಹೈಮನ್ ರಾತ್ ಮತ್ತು ಪೆಂಟಾಂಜೆಲಿ ಪಾತ್ರಧಾರಿಗಳು ವೃತ್ತಿಪರ ನಟರೇ?

ಎರಡನೆಯ ಚಿತ್ರದಲ್ಲಿ ಮೈಕಲ್‌ನ ವೃದ್ಧ ಎದುರಾಳಿ ರಾತ್ ಆದ ಸ್ಟ್ರಾಸ್‌ಬರ್ಗ್ ನ್ಯೂಯಾರ್ಕಿನ ಹೆಸರಾಂತ ಅಭಿನಯ ಗುರು. ಪಚೀನೊ ಅವರಿಗೂ ಕಲಿಸಿದವರು. ಗುರು ಶಿಷ್ಯರು ಎದುರುಬದುರು ಕುಳಿತಾಗ ಇಬ್ಬರೂ ಧ್ವನಿ ಏರಿಸುವುದಿಲ್ಲ. ಸತ್ತ ಗೆಳೆಯನ ಬಗ್ಗೆ ಮಾತನಾಡುತ್ತಾ, ಅವನನ್ನು ಕೊಲ್ಲಿಸಿದ್ದು ಯಾರೆಂದು ತಾನು ಕೇಳಲಿಲ್ಲ, ಏಕೆಂದರೆ ಇದು ನಾವೇ ಆರಿಸಿಕೊಂಡ ಕಸುಬು ಎನ್ನುವ ರಾತ್‌ನ ಮಾತಿನಲ್ಲಿ ದುಃಖ, ಕೋಪ, ಬೆದರಿಕೆ ಮೂರೂ ಬೆರೆತಿವೆ. ಗಾಜೊ ನಾಟಕಕಾರರಾಗಿ ಹೆಸರಾದವರು. ಕ್ಯಾಸ್ಟೆಲಾನೊ ಎರಡನೆಯ ಚಿತ್ರಕ್ಕೆ ಒಪ್ಪದ ಕಾರಣ ಕ್ಲೆಮೆಂಜಾನ ಜಾಗಕ್ಕೆ ಪೆಂಟಾಂಜೆಲಿ ಪಾತ್ರವನ್ನು ಸೃಷ್ಟಿಸಲಾಯಿತು. ಗಾಜೊ ಅವರ ಒಡಕು ಗಂಟಲು ಕೆಲವರಿಗೆ ಅತಿಯೆನಿಸುತ್ತದೆ, ನನಗೆ ಹಾಗೆನಿಸಿಲ್ಲ.

ಮೂರನೆಯ ಚಿತ್ರವನ್ನು ಸೋಫಿಯಾ ಕೊಪೊಲಾ ಕೆಡಿಸಿದರು ಎನ್ನುವುದು ನ್ಯಾಯವೇ?

ಅರ್ಧ ನ್ಯಾಯ. ಮೈಕಲ್‌ನ ಮಗಳು ಮೇರಿಯ ಪಾತ್ರಕ್ಕೆ ಆಯ್ಕೆಯಾಗಿದ್ದ ವಿನೋನಾ ರೈಡರ್ ಅಸ್ವಸ್ಥರಾಗಿ ಹೊರಹೋದಾಗ, ನಿರ್ದೇಶಕರು ಹದಿಹರೆಯದ ತಮ್ಮ ಮಗಳನ್ನೇ ಹಾಕಿಕೊಂಡರು. ಮೊದಲ ಚಿತ್ರದಲ್ಲಿ ದೀಕ್ಷಾಸ್ನಾನ ಪಡೆಯುವ ಎಳೆಗೂಸು ಕೂಡ ಇದೇ ಸೋಫಿಯಾ. ಅವರ ಉಚ್ಚಾರಣೆ ಚಪ್ಪಟೆಯಾಗಿದೆ, ಪ್ರೇಮದ ದೃಶ್ಯಗಳಲ್ಲಿ ಎದುರಿನ ಆಂಡಿ ಗಾರ್ಸಿಯಾ ಉರಿಯುತ್ತಿದ್ದರೆ ಇವರು ತಣ್ಣಗಿರುತ್ತಾರೆ. ವರ್ಷದ ಕಳಪೆ ಅಭಿನಯಕ್ಕೆ ಕೊಡುವ ರ‍್ಯಾಜಿ ಪ್ರಶಸ್ತಿಗಳೆರಡು ಅವರ ಪಾಲಾದವು, ಗಾರ್ಸಿಯಾ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ಆದರೆ ಲೂಕಾ ಬ್ರಾಸಿಗೆ ಸಿಕ್ಕ ಉಪಕಾರ ಮೇರಿಗೆ ಸಿಗಲಿಲ್ಲ ಎಂಬುದನ್ನು ಹೇಳಲೇಬೇಕು. ಪಳಗದ ಹುಡುಗಿಯೊಬ್ಬಳಿಗೆ ಹೊಂದುವಂತೆ ಮಾತನ್ನು ಕಡಿಮೆ ಮಾಡಿ, ತಡವರಿಸಲು ಜಾಗ ಬಿಟ್ಟು, ದೃಶ್ಯವನ್ನು ಬದಲಾಯಿಸಬಹುದಿತ್ತು. ಬದಲಿಗೆ ನುರಿತ ನಟಿಗೆಂದು ಯೋಚಿಸಿದ ಪಾತ್ರದ ಭಾರವನ್ನೆಲ್ಲ ಆ ಹುಡುಗಿಯ ಮೇಲೆ ಹೊರಿಸಲಾಯಿತು. ಪಲೆರ್ಮೊ ನಗರದ ಒಪೆರಾ ಮಂದಿರದ ಮೆಟ್ಟಿಲುಗಳ ಮೇಲೆ ಗುಂಡು ತಗುಲಿ, "ಅಪ್ಪಾ?" ಎಂದು ಒಂದೇ ಪದ ಹೇಳಿ ಕುಸಿಯುವಾಗ ಅವರು ಚೆನ್ನಾಗಿಯೇ ಇದ್ದಾರೆ. ಒಂದು ಪದ ಸಾಕಾಗಿತ್ತು. ಅವರು ಮುಂದೆ ನಿರ್ದೇಶಕಿಯಾಗಿ, 2004ರಲ್ಲಿ ಸ್ವತಂತ್ರ ಚಿತ್ರಕಥೆಗೆ ಆಸ್ಕರ್ ಪಡೆದರು.

ಟಾಮ್ ಹೇಗನ್ ಮೂರನೆಯ ಚಿತ್ರದಲ್ಲಿ ಏಕಿಲ್ಲ?

ಸಂಭಾವನೆಯ ವಿಷಯದಲ್ಲಿ ಒಮ್ಮತ ಮೂಡದೆ ರಾಬರ್ಟ್ ಡುವಾಲ್ ಬರಲಿಲ್ಲ. ಹೊಸ ವಕೀಲನಾಗಿ ಜಾರ್ಜ್ ಹ್ಯಾಮಿಲ್ಟನ್ ಬಂದರು, ನೆನಪಿನಲ್ಲಿ ಉಳಿಯಲಿಲ್ಲ. ಮೂರನೆಯ ಚಿತ್ರದ ದೊಡ್ಡ ನಷ್ಟ ಸೋಫಿಯಾ ಇರುವುದಲ್ಲ, ಡುವಾಲ್ ಇಲ್ಲದಿರುವುದು.

"ಹೊರಗೆ ಬಂದೆ ಎಂದುಕೊಂಡಾಗಲೇ ಮತ್ತೆ ಒಳಗೆ ಎಳೆಯುತ್ತಾರೆ" ಎಂಬ ಸಾಲು ಅತಿನಾಟಕೀಯವಲ್ಲವೇ?

ಹೌದು, ಹಾಗಾಗಿಯೇ ಅಣಕಕ್ಕೆ ಸುಲಭ ತುತ್ತಾಯಿತು. ಮೊದಲೆರಡು ಚಿತ್ರಗಳಲ್ಲಿ ಪಚೀನೊ ಮೌನದಿಂದ ಸಾಧಿಸಿದ್ದನ್ನು ಇಲ್ಲಿ ಕೂಗಿ ಸಾಧಿಸಲು ಹೊರಟಿದ್ದಾರೆ. ಆದರೆ ಅದೇ ಚಿತ್ರದಲ್ಲಿ ಅವರು ಕಾರ್ಡಿನಲ್ ಲಾಂಬೆರ್ಟೊ ಎದುರು ಪಾಪನಿವೇದನೆ ಮಾಡುವ ದೃಶ್ಯವೂ ಇದೆ. ಮೂವತ್ತು ವರ್ಷಗಳಿಂದ ಪಾಪ ಒಪ್ಪಿಕೊಳ್ಳದವನು ಒಂದೊಂದೇ ಮೆಟ್ಟಿಲು ಇಳಿದಂತೆ ಒಪ್ಪಿಕೊಳ್ಳುತ್ತಾ, ಅಣ್ಣನನ್ನು ಕೊಲ್ಲಿಸಿದೆ ಎಂಬಲ್ಲಿಗೆ ಬಂದು, ನನ್ನ ತಾಯಿಯ ಮಗನನ್ನು ಕೊಂದೆ, ನನ್ನ ತಂದೆಯ ಮಗನನ್ನು ಕೊಂದೆ ಎಂದು ಅಳುತ್ತಾನೆ. ಇದನ್ನು ಯಾರೂ ಸ್ಟೇಟಸ್‌ಗೆ ಹಾಕಿಕೊಳ್ಳುವುದಿಲ್ಲ. ಸರಣಿಯ ಎಲ್ಲ ಮಾತುಗಳಲ್ಲಿ ನನ್ನ ಆಯ್ಕೆ ಇದೇ.

ಕನ್ನಡದ ಗಾಡ್‌ಫಾದರ್ ಚಿತ್ರಕ್ಕೂ ಇದಕ್ಕೂ ಸಂಬಂಧವಿದೆಯೇ?

ಇಲ್ಲ. ಉಪೇಂದ್ರ ನಟಿಸಿದ 2012ರ ಆ ಚಿತ್ರ ತಮಿಳು ಚಿತ್ರವೊಂದರ ರೀಮೇಕ್. ನಮ್ಮಲ್ಲಿ ಚಿತ್ರಕ್ಕಿಂತ ಹೆಚ್ಚಾಗಿ ಬೇರೂರಿದ್ದು ಪದ: ರಾಜಕೀಯದಲ್ಲಾಗಲಿ ಗಾಂಧಿನಗರದಲ್ಲಾಗಲಿ, ಗಾಡ್‌ಫಾದರ್ ಇಲ್ಲದೆ ಮೇಲೆ ಬಂದೆ ಎನ್ನುವವರಿಗೆ ಆ ಪದದ ಮೂಲಾರ್ಥ, ಅಂದರೆ ಮಗುವಿನ ದೀಕ್ಷಾಸ್ನಾನದಲ್ಲಿ ಜೊತೆ ನಿಂತು ಹೊಣೆ ಹೊರುವವನು, ಬೇಕಾಗಿಲ್ಲ. ಮೊದಲ ಚಿತ್ರದ ಕೊನೆ ಆ ಮೂಲಾರ್ಥವಿಲ್ಲದೆ ಅರ್ಥವಾಗುವುದಿಲ್ಲ. ಮೈಕಲ್ ಚರ್ಚಿನಲ್ಲಿ ಸೈತಾನನನ್ನು ತೊರೆಯುತ್ತೇನೆ ಎನ್ನುತ್ತಿರುವಾಗಲೇ ಊರಿನಲ್ಲಿ ಅವನ ಶತ್ರುಗಳು ಒಬ್ಬೊಬ್ಬರಾಗಿ ಬೀಳುತ್ತಾರೆ. ಅಂದೇ ಆತ ಆ ಮಗುವಿನ ತಂದೆಯನ್ನೂ ಕೊಲ್ಲಿಸುತ್ತಾನೆ.

ಮೂರನೆಯ ಚಿತ್ರದ 2020ರ ಹೊಸ ಸಂಕಲನವನ್ನು ನೋಡಬೇಕೇ?

ಕೊಪೊಲಾ ಆರಂಭವನ್ನೂ ಅಂತ್ಯವನ್ನೂ ಬದಲಾಯಿಸಿ, ಮೈಕಲ್ ಕಾರ್ಲಿಯೋನೆಯ ಸಾವು ಎಂಬ ಹೆಸರಿನಲ್ಲಿ ಅದನ್ನು ಮತ್ತೆ ಹೊರತಂದರು. ಕಥೆ ಬೇಗ ಹಳಿಗೆ ಬರುತ್ತದೆ, ಅಭಿನಯದ ಏರಿಳಿತ ಹಾಗೆಯೇ ಇದೆ. ಹೆಸರಿನಲ್ಲಿ ಸಾವಿದ್ದರೂ ಹಳೆಯ ಚಿತ್ರದಂತೆ ಮೈಕಲ್ ಕುರ್ಚಿಯಿಂದ ಉರುಳಿ ಬೀಳುವುದಿಲ್ಲ. ಎರಡರಲ್ಲಿ ಯಾವುದನ್ನಾದರೂ ನೋಡಿ, ಆದರೆ ಒಪೆರಾ ಮಂದಿರದ ಮೆಟ್ಟಿಲುಗಳ ದೃಶ್ಯ ಬಂದಾಗ ಧ್ವನಿ ಕೆಟ್ಟಿತೆಂದು ರಿಮೋಟ್ ಹುಡುಕಬೇಡಿ. ಮಗಳ ಶವದ ಪಕ್ಕ ಪಚೀನೊ ಬಾಯಿ ತೆರೆದು ಕಿರುಚುತ್ತಿದ್ದಾರೆ. ಸದ್ದನ್ನು ಉದ್ದೇಶಪೂರ್ವಕವಾಗಿಯೇ ತೆಗೆದಿದ್ದಾರೆ, ತುಸು ಹೊತ್ತಿನ ಮೇಲೆ ಅದು ಬರುತ್ತದೆ.